ಕ್ಲ್ಯಾಟ್ ಪರೀಕ್ಷೆಗೆ ಓದುವ ಕ್ರಮ, ತರ್ಕಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ಗೆ ತಯಾರಿ ಶುರು ಮಾಡುವವರಲ್ಲಿ ಬಹಳ ಮಂದಿ ಮೊದಲು ಕೈಗೆತ್ತಿಕೊಳ್ಳುವುದು ಕಾನೂನಿನ ದಪ್ಪ ಪುಸ್ತಕವನ್ನು. ಸಂವಿಧಾನದ ವಿಧಿಗಳು, ಲ್ಯಾಟಿನ್ ನುಡಿಗಟ್ಟುಗಳು, ತೀರ್ಪುಗಳ ಹೆಸರುಗಳು ಬಾಯಿಪಾಠವಾಗುತ್ತವೆ. ಮೂರು ತಿಂಗಳು ಕಳೆದು ಮಾಕ್ ಟೆಸ್ಟ್ (ಅಭ್ಯಾಸದ ಅಣಕು ಪರೀಕ್ಷೆ) ಬರೆದರೆ ಅಂಕ ಇದ್ದಲ್ಲೇ ಇರುತ್ತದೆ. 2020ರಿಂದ ಈ ಪರೀಕ್ಷೆ ಪೂರ್ತಿಯಾಗಿ ಗದ್ಯಭಾಗಗಳ ಮೇಲೆ ನಿಂತಿರುವುದೇ ಇದಕ್ಕೆ ಕಾರಣ. ಓದಿದ್ದರಲ್ಲಿ ಏನಿದೆ, ಏನಿಲ್ಲ, ಎಷ್ಟು ಮಾತ್ರ ಇದೆ ಎಂದು ಖಚಿತವಾಗಿ ಹೇಳಬಲ್ಲವರಿಗೆ ಇಲ್ಲಿ ಅಂಕ ಸಿಗುತ್ತದೆ. ಆ ಒಂದು ಕೌಶಲ ಹೇಗೆ ಬರುತ್ತದೆ ಎಂಬುದೇ ಈ ಬರಹದ ವಿಷಯ.

ಮೊದಲು ಪತ್ರಿಕೆಯ ಲೆಕ್ಕ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ನಡೆಸುವ ಪದವಿ ಹಂತದ ಕ್ಲ್ಯಾಟ್‌ನಲ್ಲಿ ಈಗ 120 ಪ್ರಶ್ನೆಗಳಿವೆ. ಸಮಯ 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ, ಬಿಟ್ಟದ್ದಕ್ಕೆ ಏನೂ ಇಲ್ಲ. ಇಂಗ್ಲಿಷ್ ಭಾಷೆಯಿಂದ 22ರಿಂದ 26, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನದಿಂದ 28ರಿಂದ 32, ಕಾನೂನು ತರ್ಕದಿಂದ 28ರಿಂದ 32, ತಾರ್ಕಿಕ ಚಿಂತನೆಯಿಂದ 22ರಿಂದ 26, ಗಣಿತದಿಂದ 10ರಿಂದ 14 ಪ್ರಶ್ನೆಗಳು ಬರುತ್ತವೆ. ಇಂಗ್ಲಿಷ್, ಕಾನೂನು, ತರ್ಕ ಈ ಮೂರೇ ಸೇರಿ ಸುಮಾರು ಶೇ 65 ಭಾಗ. ಈ ಮೂರಕ್ಕೂ ಬೇಕಾದ ಮೂಲ ಕೌಶಲ ಒಂದೇ ಆದ್ದರಿಂದ ಇವನ್ನು ಬೇರೆ ಬೇರೆ ವಿಷಯಗಳಂತೆ ಓದುವ ಅಗತ್ಯವಿಲ್ಲ.

ಒಂದು ಗದ್ಯಭಾಗ 450 ಪದಗಳವರೆಗೆ ಇರಬಹುದು. ಇಪ್ಪತ್ತು ಗದ್ಯಭಾಗ ಎಂದುಕೊಂಡರೂ, ಎಲ್ಲವೂ ಪೂರ್ಣ ಉದ್ದದವಾದರೆ ಪ್ರಶ್ನೆ ಮತ್ತು ಆಯ್ಕೆಗಳನ್ನು ಬಿಟ್ಟೇ 9,000 ಪದಗಳಾದವು. ನಿಮಿಷಕ್ಕೆ 150 ಪದ ಓದುವವರಿಗೆ ಗದ್ಯ ಮುಗಿಸಲಿಕ್ಕೇ ಒಂದು ಗಂಟೆ ಹೋಗುತ್ತದೆ. 200ರಿಂದ 220 ಪದದ ವೇಗದಲ್ಲಿ, ಅರ್ಥ ಜಾರದಂತೆ ಓದಬಲ್ಲವರಿಗೆ ಮಾತ್ರ ಪತ್ರಿಕೆ ಮುಗಿಯುತ್ತದೆ.

ಋಣಾಂಕದ ಬಗ್ಗೆ ಇರುವ ಭಯಕ್ಕೂ ಲೆಕ್ಕ ಹಾಕಿ ನೋಡಬೇಕು. ನಾಲ್ಕು ಆಯ್ಕೆಗಳಲ್ಲಿ ಒಂದನ್ನೂ ತಳ್ಳಿಹಾಕಲಾಗದೆ ಊಹಿಸಿದರೆ ಪ್ರತಿ ಪ್ರಶ್ನೆಗೆ ಸರಾಸರಿ 0.06 ಅಂಕದ ಲಾಭ. ಇದು ಇದ್ದೂ ಇಲ್ಲದಂತೆ. ಒಂದು ಆಯ್ಕೆ ಖಚಿತವಾಗಿ ತಪ್ಪೆಂದು ತಿಳಿದರೆ ಸರಾಸರಿ ಲಾಭ 0.17, ಎರಡು ತಪ್ಪೆಂದು ತಿಳಿದರೆ 0.375. ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡ 8 ಪ್ರಶ್ನೆಗಳನ್ನು ಹೆದರಿ ಬಿಟ್ಟವರು ಸರಾಸರಿ 3 ಅಂಕ ಕಳೆದುಕೊಂಡಂತೆ. ಮೇಲಿನ ರ‍್ಯಾಂಕ್‌ಗಳಲ್ಲಿ ಮೂರು ಅಂಕ ಸಣ್ಣದಲ್ಲ. ಹಾಗಾಗಿ ನಿಯಮ ಇಷ್ಟು: ಎರಡನ್ನು ಕಾರಣಸಹಿತ ತೆಗೆದಿದ್ದರೆ ಉತ್ತರಿಸಿ; ಪ್ರಶ್ನೆಯೇ ಅರ್ಥವಾಗದಿದ್ದರೆ ಬಿಟ್ಟು ಮುಂದೆ ಹೋಗಿ, ಅಲ್ಲಿ ನಿಂತು ಸಮಯ ಸುಡಬೇಡಿ.

ಅಂಕ ಸಮನಾದಾಗ ಮೊದಲು ನೋಡುವುದು ಕಾನೂನು ತರ್ಕ ವಿಭಾಗದ ಅಂಕವನ್ನು, ಆಮೇಲೆ ವಯಸ್ಸನ್ನು. ಪದವಿಪೂರ್ವ ಪರೀಕ್ಷೆಯಲ್ಲಿ ಶೇ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 40. ದ್ವಿತೀಯ ಪಿಯುಸಿ ಓದುತ್ತಿರುವವರೂ ಬರೆಯಬಹುದು. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಮೀಸಲಾತಿ ಇರುವುದರಿಂದ ಅರ್ಜಿ ತುಂಬುವಾಗಲೇ ಆ ಕಲಂ ಗಮನಿಸಿ.

ಓದು: ಕನ್ನಡ ಮಾಧ್ಯಮದವರು ಎಲ್ಲಿಂದ ಆರಂಭಿಸಬೇಕು

ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಶಬ್ದಸಂಪತ್ತು ಕಡಿಮೆ ಎಂಬ ಅಳುಕು ಇರುವುದು ಸಹಜ. ಆದರೆ ನಿಜವಾದ ಅಡ್ಡಿ ಶಬ್ದಗಳಿಗಿಂತ ವಾಕ್ಯದ ಉದ್ದ. ಸಂಪಾದಕೀಯಗಳಲ್ಲಿ ಬರುವ ನಲವತ್ತು ಪದಗಳ ವಾಕ್ಯದಲ್ಲಿ ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ ಇದ್ದು ನಡುವೆ ಎರಡು ಉಪವಾಕ್ಯಗಳು ತುಂಬಿರುತ್ತವೆ. ಮೊದಲ ನಾಲ್ಕು ವಾರ ಬರೀ ಇದನ್ನೇ ಅಭ್ಯಾಸ ಮಾಡಿ: ಉದ್ದದ ವಾಕ್ಯ ಸಿಕ್ಕಾಗ ಯಾರು, ಏನು ಮಾಡಿದರು ಎಂಬ ಎರಡನ್ನು ಮಾತ್ರ ಅಡಿಗೆರೆ ಎಳೆದು ಹುಡುಕಿ. ಉಳಿದದ್ದು ವಿವರಣೆ.

ದಿನಕ್ಕೆ ಎರಡು ಸಂಪಾದಕೀಯ ಅಥವಾ ಅಭಿಪ್ರಾಯ ಲೇಖನ ಸಾಕು. ದಿ ಹಿಂದೂ, ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಗಳ ಬರಹಗಳು ಪರೀಕ್ಷೆಯ ಗದ್ಯಕ್ಕೆ ಹತ್ತಿರವಾಗಿರುತ್ತವೆ. ಮೊದಲನೆಯದನ್ನು ಗಡಿಯಾರ ಇಟ್ಟು ಒಂದೇ ಸಲ ಓದಿ, ಪತ್ರಿಕೆ ಮಡಚಿಟ್ಟು, ಲೇಖಕರ ಮುಖ್ಯ ವಾದವನ್ನು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಬರೆಯಿರಿ. ಹೌದು, ಕನ್ನಡದಲ್ಲೇ. ಇಂಗ್ಲಿಷ್‌ನಲ್ಲಿ ಬರೆದರೆ ಲೇಖನದ ಪದಗಳೇ ಮರುಕಳಿಸಿ, ಅರ್ಥವಾಗದಿದ್ದರೂ ಅರ್ಥವಾದಂತೆ ತೋರುತ್ತದೆ. ಸ್ವಂತ ಕನ್ನಡದಲ್ಲಿ ಹೇಳಲು ತಡವರಿಸಿದ ಜಾಗವೇ ನಿಮಗೆ ಅರ್ಥವಾಗದೆ ಉಳಿದ ಜಾಗ. ಎರಡು ತಿಂಗಳಾದ ಮೇಲೆ ಇಂಗ್ಲಿಷ್‌ಗೆ ಬದಲಿಸಿ, ಏಕೆಂದರೆ ಪರೀಕ್ಷೆಯ ಕೋಣೆಯಲ್ಲಿ ಅನುವಾದ ಮಾಡುತ್ತ ಕೂರಲು ಸಮಯವಿರುವುದಿಲ್ಲ.

ಎರಡನೆಯ ಲೇಖನವನ್ನು ಪ್ಯಾರಾ ಲೆಕ್ಕದಲ್ಲಿ ಓದಿ. ಪ್ರತಿ ಪ್ಯಾರಾದ ಪಕ್ಕ ಮೂರೇ ಪದದ ಟಿಪ್ಪಣಿ ಹಾಕಿ: "ಸಮಸ್ಯೆ ಏನು", "ಸರ್ಕಾರದ ವಾದ", "ಲೇಖಕರ ಆಕ್ಷೇಪ", "ಪರಿಹಾರ ಸೂಚನೆ" ಎಂಬ ಧಾಟಿಯಲ್ಲಿ. ಈ ನಕ್ಷೆ ಕೈಗೆ ಹತ್ತಿದರೆ ಪ್ರಶ್ನೆ ಬಂದಾಗ ಇಡೀ ಗದ್ಯವನ್ನು ಮತ್ತೆ ಓದುವ ಕೆಲಸ ತಪ್ಪುತ್ತದೆ, ಯಾವ ಪ್ಯಾರಾಗೆ ಹೋಗಬೇಕೆಂದು ಕಣ್ಣಿಗೆ ಗೊತ್ತಿರುತ್ತದೆ. "ಹೌಎವರ್", "ಯೆಟ್", "ಆಲ್ದೋ", "ಡಿಸ್ಪೈಟ್" ಕಂಡಲ್ಲಿ ಪೆನ್ಸಿಲ್ ನಿಲ್ಲಲಿ. ಲೇಖಕರ ನಿಜವಾದ ನಿಲುವು ಹೆಚ್ಚಾಗಿ ಈ ತಿರುವುಗಳ ಬಳಿ ಸಿಗುತ್ತದೆ. ತಿರುವಿಗೆ ಮುಂಚೆ ಇರುವುದು ಬಹುಮಟ್ಟಿಗೆ ಎದುರಾಳಿಯ ಮಾತು. ಎದುರಾಳಿಯ ಮಾತನ್ನು ಲೇಖಕರ ಮಾತೆಂದು ಗುರುತಿಸುವುದೇ ಇಂಗ್ಲಿಷ್ ವಿಭಾಗದಲ್ಲಿ ಅತಿ ಹೆಚ್ಚು ಕಾಣುವ ತಪ್ಪು.

ಹೊಸ ಪದಗಳ ಪಟ್ಟಿಯನ್ನು ಅರ್ಥದ ಜೊತೆ ಬರೆದಿಟ್ಟುಕೊಂಡರೆ ಉಪಯೋಗ ಕಡಿಮೆ. ಪದ ಬಂದ ವಾಕ್ಯವನ್ನೇ ಪೂರ್ತಿ ಬರೆದುಕೊಳ್ಳಿ. ಪರೀಕ್ಷೆಯೂ ಪದದ ಅರ್ಥವನ್ನು ಆ ವಾಕ್ಯದ ಸಂದರ್ಭದಲ್ಲೇ ಕೇಳುತ್ತದೆ.

ಕಾನೂನು ತರ್ಕ: ತತ್ವವನ್ನು ಬಿಡಿಸುವುದು

ಗದ್ಯಭಾಗ ಒಂದು ಕಾನೂನು ತತ್ವವನ್ನು ವಿವರಿಸುತ್ತದೆ. ಪ್ರಶ್ನೆ ಹೊಸ ಸನ್ನಿವೇಶವೊಂದನ್ನು ಕೊಟ್ಟು, ಆ ತತ್ವದ ಪ್ರಕಾರ ಏನಾಗಬೇಕು ಎಂದು ಕೇಳುತ್ತದೆ. ಕೆಲಸ ಮೂರು ಹಂತದ್ದು. ತತ್ವವನ್ನು ಅಂಶಗಳಾಗಿ ಒಡೆಯಬೇಕು, ಪ್ರತಿ ಅಂಶವೂ ಸನ್ನಿವೇಶದಲ್ಲಿ ಇದೆಯೇ ಎಂದು ನೋಡಬೇಕು, ಆಮೇಲಷ್ಟೇ ಆಯ್ಕೆಗಳಿಗೆ ಹೋಗಬೇಕು. ಮೂರನೆಯದನ್ನು ಮೊದಲು ಮಾಡುವವರು ಆಯ್ಕೆಗಳ ಮಾತಿನ ಮೋಡಿಗೆ ಬೀಳುತ್ತಾರೆ.

ಒಡೆಯುವಾಗ ಗಮನ ಜೋಡಣೆಯ ಪದಗಳ ಮೇಲಿರಲಿ. "ಅಂಡ್" ಇದ್ದರೆ ಎಲ್ಲ ಅಂಶಗಳೂ ಬೇಕು, "ಆರ್" ಇದ್ದರೆ ಒಂದಿದ್ದರೆ ಸಾಕು. "ಶಲ್" ಎಂದರೆ ಕಡ್ಡಾಯ, "ಮೇ" ಎಂದರೆ ವಿವೇಚನೆಗೆ ಬಿಟ್ಟದ್ದು. "ಅನ್‌ಲೆಸ್", "ಎಕ್ಸೆಪ್ಟ್", "ಪ್ರೊವೈಡೆಡ್ ದಟ್" ಬಂದರೆ ಅಪವಾದ ಅಥವಾ ಷರತ್ತು ಶುರುವಾಯಿತು. ಹೆಚ್ಚು ಗೊಂದಲ ಮಾಡುವ ಜೋಡಿ "ನಾಟ್‌ವಿತ್‌ಸ್ಟ್ಯಾಂಡಿಂಗ್" ಮತ್ತು "ಸಬ್ಜೆಕ್ಟ್ ಟು". ಮೊದಲನೆಯದು ಇರುವ ನಿಯಮ ಬೇರೆ ನಿಯಮವನ್ನು ಮೀರಿ ನಿಲ್ಲುತ್ತದೆ, ಎರಡನೆಯದು ಇರುವ ನಿಯಮ ಬೇರೆ ನಿಯಮಕ್ಕೆ ತಲೆಬಾಗುತ್ತದೆ.

ಒಂದು ಮಾದರಿ ನೋಡೋಣ. ತತ್ವ ಹೀಗಿದೆ ಎಂದುಕೊಳ್ಳಿ: "ಸ್ವತಂತ್ರ ಗುತ್ತಿಗೆದಾರ ಅಥವಾ ಅವನ ಕೆಲಸಗಾರರ ತಪ್ಪಿಗೆ ಅವನನ್ನು ನೇಮಿಸಿದವರು ಹೊಣೆಯಲ್ಲ. ಆದರೆ ವಹಿಸಿದ ಕೆಲಸ ಸ್ವಭಾವದಿಂದಲೇ ಅಪಾಯಕಾರಿಯಾಗಿದ್ದು, ಆ ಅಪಾಯದಿಂದಲೇ ಹಾನಿ ಉಂಟಾದರೆ ನೇಮಿಸಿದವರೂ ಹೊಣೆ." ಸನ್ನಿವೇಶ: ಕಾರ್ಖಾನೆಯೊಂದು ಹಳೆಯ ಗೋಡೆಯನ್ನು ಸ್ಫೋಟಕ ಬಳಸಿ ಕೆಡವಲು ಗುತ್ತಿಗೆದಾರನನ್ನು ನೇಮಿಸಿತು. ಊಟದ ವೇಳೆಯಲ್ಲಿ ಗುತ್ತಿಗೆದಾರನ ಕೆಲಸಗಾರನೊಬ್ಬ ಬೈಕಿನಲ್ಲಿ ಅಜಾಗರೂಕತೆಯಿಂದ ಹೋಗಿ ಪಾದಚಾರಿಗೆ ಗುದ್ದಿದ. ಕಾರ್ಖಾನೆ ಹೊಣೆಯೇ?

ಆಯ್ಕೆ ಎ: ಹೊಣೆ, ಸ್ಫೋಟಕದ ಕೆಲಸ ಸ್ವಭಾವದಿಂದ ಅಪಾಯಕಾರಿ. ಆಯ್ಕೆ ಬಿ: ಹೊಣೆಯಲ್ಲ, ಹಾನಿ ಆ ಕೆಲಸದ ಅಪಾಯದಿಂದ ಉಂಟಾದದ್ದಲ್ಲ. ಆಯ್ಕೆ ಸಿ: ಹೊಣೆಯಲ್ಲ, ಗುತ್ತಿಗೆದಾರನ ಕಡೆಯವರ ತಪ್ಪಿಗೆ ನೇಮಿಸಿದವರು ಎಂದೂ ಹೊಣೆಯಾಗುವುದಿಲ್ಲ. ಆಯ್ಕೆ ಡಿ: ಹೊಣೆ, ಎಚ್ಚರಿಕೆಯ ಗುತ್ತಿಗೆದಾರನನ್ನು ಆರಿಸಬೇಕಿತ್ತು.

ಉತ್ತರ ಬಿ. ಅದಕ್ಕಿಂತ ಮುಖ್ಯ, ಉಳಿದವು ಏಕೆ ತಪ್ಪು ಎಂಬುದು. ಎ ಆಯ್ಕೆಯ ಕಾರಣ ನಿಜವೇ, ಆದರೆ ಅಪವಾದಕ್ಕೆ ಎರಡು ಅಂಶಗಳಿದ್ದವು. ಅದು ಒಂದನ್ನೇ ನೋಡಿತು. ಸಿ ಆಯ್ಕೆಯ ತೀರ್ಮಾನ ಸರಿ, ಕಾರಣ ತಪ್ಪು; "ಎಂದೂ" ಎಂಬ ಮಾತು ಅಪವಾದವನ್ನೇ ಅಳಿಸಿಹಾಕುತ್ತದೆ. ಡಿ ಆಯ್ಕೆ ತತ್ವದಲ್ಲಿ ಇಲ್ಲದ ಹೊಸ ಕರ್ತವ್ಯವನ್ನು ತಂದಿದೆ. ಕಾನೂನು ತರ್ಕದ ತಪ್ಪು ಆಯ್ಕೆಗಳು ಬಹುತೇಕ ಈ ಮೂರು ಬಗೆಯಲ್ಲೇ ಬರುತ್ತವೆ: ಅರ್ಧ ಅಂಶ, ಸರಿ ತೀರ್ಮಾನಕ್ಕೆ ತಪ್ಪು ಕಾರಣ, ಗದ್ಯದಾಚೆಯ ನಿಯಮ. ಎರಡನೆಯದು ಅತಿ ಅಪಾಯಕಾರಿ, ಏಕೆಂದರೆ "ಹೊಣೆಯಲ್ಲ" ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ ಕೂಡಲೇ ಕಣ್ಣು ಆ ಪದವಿರುವ ಮೊದಲ ಆಯ್ಕೆಯ ಮೇಲೆ ನಿಲ್ಲುತ್ತದೆ. ಆಯ್ಕೆಯಲ್ಲಿ "ಏಕೆಂದರೆ" ನಂತರದ ಭಾಗವನ್ನು ಮೊದಲು ಓದುವ ರೂಢಿ ಇದಕ್ಕೆ ಮದ್ದು.

ಈಗ ಅದೇ ಸನ್ನಿವೇಶದಲ್ಲಿ ಒಂದೇ ಸಂಗತಿ ಬದಲಿಸಿ: ಸ್ಫೋಟದ ವೇಳೆ ಗುತ್ತಿಗೆದಾರನ ಅಜಾಗರೂಕತೆಯಿಂದ ಕಲ್ಲು ಸಿಡಿದು ಪಾದಚಾರಿಗೆ ತಗುಲಿತು. ಎರಡೂ ಅಂಶಗಳು ಕೂಡಿಬಂದವು, ಕಾರ್ಖಾನೆ ಹೊಣೆ. ಬಿಡಿಸಿದ ಪ್ರತಿ ಪ್ರಶ್ನೆಯ ಬಳಿಕ ಹೀಗೆ ಒಂದು ಸಂಗತಿ ಬದಲಿಸಿ ಉತ್ತರ ತಿರುಗುತ್ತದೆಯೇ ಎಂದು ನೋಡುವುದು ಈ ವಿಭಾಗಕ್ಕೆ ಇರುವ ಅತ್ಯುತ್ತಮ ಅಭ್ಯಾಸ. ಉತ್ತರ ತಿರುಗಿಸಿದ ಸಂಗತಿಯೇ ತತ್ವದ ಜೀವಾಳ. ವಾರಕ್ಕೆ ಹತ್ತು ಪ್ರಶ್ನೆಗಳಿಗೆ ಇದನ್ನು ಮಾಡಿದರೆ ಐವತ್ತು ಹೊಸ ಪ್ರಶ್ನೆ ಬಿಡಿಸುವುದಕ್ಕಿಂತ ಹೆಚ್ಚು ಕಲಿಯುತ್ತೀರಿ.

ಗದ್ಯದಲ್ಲಿ ಹೇಳಿದ ನಿಯಮ ನಿಮಗೆ ಗೊತ್ತಿರುವ ಕಾನೂನಿಗಿಂತ ಬೇರೆಯಾಗಿದ್ದರೆ ಗದ್ಯವನ್ನೇ ಅನುಸರಿಸಿ. ಅಪ್ರಾಪ್ತ ವಯಸ್ಕರೊಡನೆ ಮಾಡಿಕೊಂಡ ಒಪ್ಪಂದ ಮೊದಲಿಂದಲೇ ಅಸಿಂಧು ಎಂಬುದು ಭಾರತದಲ್ಲಿ 1903ರ ಮೊಹೊರಿ ಬೀಬಿ ಪ್ರಕರಣದಿಂದ ನೆಲೆಗೊಂಡ ನಿಯಮ. ಆದರೆ ಪ್ರಶ್ನೆಯಲ್ಲಿ "ಅಪ್ರಾಪ್ತರು ಬಯಸಿದರೆ ಮಾತ್ರ ಒಪ್ಪಂದ ರದ್ದು" ಎಂಬ ಕಾಲ್ಪನಿಕ ತತ್ವ ಕೊಟ್ಟಿದ್ದರೆ ಆ ಪ್ರಶ್ನೆಯ ಮಟ್ಟಿಗೆ ಅದೇ ಕಾನೂನು. ನ್ಯಾಯ, ಕರುಣೆ, ಬಡವ-ಶ್ರೀಮಂತ ಎಂಬ ಭಾವನೆಗಳೂ ಇಲ್ಲಿ ಹೊರಗಿನವೇ. ಸಂತ್ರಸ್ತರ ಮೇಲೆ ಮರುಕ ಹುಟ್ಟುವಂತೆ ಸನ್ನಿವೇಶ ಬರೆದಿದ್ದರೆ, ತತ್ವ ಅವರ ವಿರುದ್ಧ ಇರಬಹುದೆಂದು ಎಚ್ಚರವಹಿಸಿ.

ಹಾಗಾದರೆ ಕಾನೂನು ಓದಲೇಬಾರದೆ? ಪರಿಚಯದಷ್ಟು ಓದಿ. ನಷ್ಟಪರಿಹಾರ ಕಾನೂನಿನ ನಿರ್ಲಕ್ಷ್ಯ, ಇನ್ನೊಬ್ಬರ ತಪ್ಪಿಗೆ ಹೊರಬೇಕಾದ ಹೊಣೆ, ತಪ್ಪಿಲ್ಲದಿದ್ದರೂ ಬರುವ ಕಟ್ಟುನಿಟ್ಟಿನ ಹೊಣೆ. ಒಪ್ಪಂದದ ಪ್ರಸ್ತಾವ, ಸಮ್ಮತಿ, ಪ್ರತಿಫಲ. ಸಂವಿಧಾನದ 14, 19, 21ನೇ ವಿಧಿಗಳು. ಅಪರಾಧದಲ್ಲಿ ಉದ್ದೇಶ ಮತ್ತು ಕೃತ್ಯ. 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಬಂದಿದೆ, ಹಳೆಯ ಟಿಪ್ಪಣಿಗಳಿಂದ ಓದುವವರು ಸೆಕ್ಷನ್ ಸಂಖ್ಯೆಗಳನ್ನು ನಂಬಬೇಡಿ. ಈ ಪರಿಚಯದಿಂದ ಗದ್ಯ ಓದುವ ವೇಗ ಹೆಚ್ಚುತ್ತದೆ, ಅದಕ್ಕಿಂತ ಹೆಚ್ಚಿನ ಕೆಲಸ ಅದರಿಂದ ನಿರೀಕ್ಷಿಸಬೇಡಿ.

ತಾರ್ಕಿಕ ಚಿಂತನೆ: ವಾದದ ಬಿರುಕು ಹುಡುಕುವುದು

ಪ್ರತಿ ವಾದದಲ್ಲೂ ಒಂದು ತೀರ್ಮಾನ, ಅದಕ್ಕೆ ಕೊಟ್ಟ ಆಧಾರ, ಎರಡರ ನಡುವೆ ಹೇಳದೆ ಬಿಟ್ಟ ಜಾಗ ಇರುತ್ತವೆ. ಊಹೆ ಯಾವುದು, ಯಾವುದು ವಾದವನ್ನು ಬಲಪಡಿಸುತ್ತದೆ, ಯಾವುದು ದುರ್ಬಲಗೊಳಿಸುತ್ತದೆ, ದೋಷ ಏನು ಎಂಬ ನಾಲ್ಕೂ ಬಗೆಯ ಪ್ರಶ್ನೆಗಳು ಕೇಳುವುದು ಆ ಬಿಟ್ಟ ಜಾಗದ ಬಗ್ಗೆಯೇ. ತೀರ್ಮಾನ ಯಾವುದೆಂದು ತಿಳಿಯದಿದ್ದರೆ ಎರಡು ವಾಕ್ಯಗಳ ನಡುವೆ "ಆದ್ದರಿಂದ" ಇಟ್ಟು ನೋಡಿ. ಯಾವ ಕ್ರಮದಲ್ಲಿ ಅರ್ಥ ಕೂಡುತ್ತದೋ ಅದರಲ್ಲಿ "ಆದ್ದರಿಂದ" ನಂತರ ಬರುವುದು ತೀರ್ಮಾನ. ಅದು ಕೊನೆಯ ವಾಕ್ಯವೇ ಆಗಿರಬೇಕೆಂದಿಲ್ಲ. ಮೊದಲ ವಾಕ್ಯದಲ್ಲಿ ತೀರ್ಮಾನ ಹೇಳಿ ಉಳಿದದ್ದರಲ್ಲಿ ಆಧಾರ ಕೊಡುವುದು ಸಂಪಾದಕೀಯಗಳಲ್ಲಿ ಸಾಮಾನ್ಯ.

ಈ ವಾದ ತೆಗೆದುಕೊಳ್ಳಿ: "ನಗರದಲ್ಲಿ ಹೆಲ್ಮೆಟ್ ಇಲ್ಲದ ಸವಾರರ ದಂಡ ಹೆಚ್ಚಿಸಿದ ಮರುವರ್ಷ, ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ದ್ವಿಚಕ್ರ ಸವಾರರ ಸಂಖ್ಯೆ ಇಳಿದಿದೆ. ದಂಡದ ಭಯದಿಂದ ಸವಾರರು ಹೆಲ್ಮೆಟ್ ಧರಿಸತೊಡಗಿದ್ದಾರೆ ಎಂಬುದು ಇದರಿಂದ ಸ್ಪಷ್ಟ."

ಆಧಾರ ಒಂದು ಇಳಿಕೆ, ತೀರ್ಮಾನ ಆ ಇಳಿಕೆಯ ಕಾರಣ. ಕಾರಣ ಹೇಳುವ ವಾದ ಬಂದಾಗಲೆಲ್ಲ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಬೇರೆ ಕಾರಣ ಇದ್ದಿರಬಹುದೇ? ಕಾರಣ ಮತ್ತು ಪರಿಣಾಮ ತಿರುಗುಮುರುಗಾಗಿವೆಯೇ? ಬರೀ ಕಾಕತಾಳೀಯವೇ? ಎಣಿಸುವ ಕ್ರಮವೇ ಬದಲಾಯಿತೇ? ಹೊಸ ಮೆಟ್ರೊ ಮಾರ್ಗದಿಂದ ರಸ್ತೆಗಿಳಿಯುವ ಬೈಕುಗಳೇ ಕಡಿಮೆಯಾಗಿದ್ದರೆ ವಾದ ಕುಸಿಯುತ್ತದೆ. ಇದು ದುರ್ಬಲಗೊಳಿಸುವ ಉತ್ತರ. ದಂಡ ಹೆಚ್ಚಿಸದ ಪಕ್ಕದ ನಗರದಲ್ಲಿ ಇಳಿಕೆ ಕಾಣಲಿಲ್ಲ ಎಂದರೆ ವಾದಕ್ಕೆ ಬಲ ಬರುತ್ತದೆ. "ಹೆಲ್ಮೆಟ್ ಪ್ರಾಣ ಉಳಿಸುತ್ತದೆ ಎಂದು ವೈದ್ಯರು ಹೇಳುತ್ತಾರೆ" ಎಂಬ ಆಯ್ಕೆಯೂ ಪಕ್ಕದಲ್ಲಿ ಇರುತ್ತದೆ. ಅದು ನಿಜ, ಒಳ್ಳೆಯ ಮಾತು ಕೂಡ. ಆದರೆ ಸವಾರರು ದಂಡದ ಭಯದಿಂದ ಧರಿಸಿದರೇ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ವಿಷಯಕ್ಕೆ ಸಂಬಂಧಿಸಿದ್ದಕ್ಕೂ ವಾದಕ್ಕೆ ಸಂಬಂಧಿಸಿದ್ದಕ್ಕೂ ಇರುವ ಈ ಅಂತರವನ್ನು ಗುರುತಿಸಲು ಕಲಿತವರು ಈ ವಿಭಾಗದ ಅರ್ಧ ದಾರಿ ನಡೆದಂತೆ.

ಊಹೆಯ ಪ್ರಶ್ನೆಗೆ ನಿರಾಕರಣೆಯ ಪರೀಕ್ಷೆ ಬಳಸಿ. ಆಯ್ಕೆಯನ್ನು "ಅಲ್ಲ" ಎಂದು ತಿರುಗಿಸಿ ಓದಿ. ವಾದ ಕುಸಿದರೆ ಆ ಆಯ್ಕೆಯೇ ಬೇಕಾದ ಊಹೆ. "ರಸ್ತೆಗಿಳಿದ ದ್ವಿಚಕ್ರ ವಾಹನಗಳು ಈ ಅವಧಿಯಲ್ಲಿ ಗಣನೀಯವಾಗಿ ಕಡಿಮೆಯಾಗಿಲ್ಲ" ಎಂಬುದನ್ನು ತಿರುಗಿಸಿದರೆ "ಗಣನೀಯವಾಗಿ ಕಡಿಮೆಯಾಗಿವೆ" ಎಂದಾಗುತ್ತದೆ, ವಾದದ ಕಾಲು ಜಾರುತ್ತದೆ. "ದಂಡವೊಂದೇ ಜನರನ್ನು ತಿದ್ದುವ ಏಕೈಕ ದಾರಿ" ಎಂಬ ಆಯ್ಕೆಯನ್ನು ತಿರುಗಿಸಿ: ಬೇರೆ ದಾರಿಗಳೂ ಇವೆ. ವಾದಕ್ಕೆ ಏನೂ ಆಗಲಿಲ್ಲ. ಹಾಗಾಗಿ ಅದು ಬೇಕಿಲ್ಲದ, ಅತಿಯಾದ ಮಾತು. ಈ ಪರೀಕ್ಷೆ ಎರಡು ಆಯ್ಕೆಗಳ ನಡುವೆ ಸಿಕ್ಕಾಗ ಮಾತ್ರ ಬಳಸಿ. ನಾಲ್ಕಕ್ಕೂ ಮಾಡುತ್ತ ಕೂತರೆ ಸಮಯ ಸಾಲದು.

ಷರತ್ತಿನ ವಾಕ್ಯಗಳನ್ನು ಬಾಣದ ಗುರುತಿನಲ್ಲಿ ಬರೆದುಕೊಳ್ಳುವುದು ಲೇಸು. "ಶುಲ್ಕ ಕಟ್ಟಿದವರಿಗೆ ಮಾತ್ರ ಪ್ರವೇಶಪತ್ರ" ಎಂದರೆ ಪ್ರವೇಶಪತ್ರ → ಶುಲ್ಕ. ಇದರಿಂದ ಖಚಿತವಾಗಿ ಹೇಳಬಹುದಾದ ಇನ್ನೊಂದು ಮಾತು, ಶುಲ್ಕ ಇಲ್ಲ → ಪ್ರವೇಶಪತ್ರ ಇಲ್ಲ. ಶುಲ್ಕ ಕಟ್ಟಿದ್ದಾರೆ, ಆದ್ದರಿಂದ ಪ್ರವೇಶಪತ್ರ ಸಿಕ್ಕಿರಲೇಬೇಕು ಎನ್ನುವಂತಿಲ್ಲ. ಬೇರೆ ಷರತ್ತುಗಳೂ ಇರಬಹುದು. ಇಂಗ್ಲಿಷ್‌ನ "ಓನ್ಲಿ ಇಫ್" ಮುಂದೆ ಬರುವುದು ಬಾಣದ ತುದಿಗೆ, ಬರೀ "ಇಫ್" ಮುಂದೆ ಬರುವುದು ಬಾಣದ ಬುಡಕ್ಕೆ. "ಅನ್‌ಲೆಸ್" ಕಂಡರೆ ಅದರ ಜಾಗದಲ್ಲಿ "ಇಲ್ಲದಿದ್ದರೆ" ಎಂದು ಓದಿ, ಬಾಣ ತಾನಾಗಿ ಸರಿಯಾಗುತ್ತದೆ.

"ಕೆಲವರು", "ಹೆಚ್ಚಿನವರು" ಎಂಬ ಪ್ರಮಾಣಗಳಲ್ಲಿ ನೆನಪಿಡಬೇಕಾದದ್ದು ಇಷ್ಟೇ. 40 ಜನರ ತರಗತಿಯಲ್ಲಿ ಹೆಚ್ಚಿನವರು ಈಜು ಬಲ್ಲರು, ಹೆಚ್ಚಿನವರು ಸೈಕಲ್ ಬಲ್ಲರು ಎಂದರೆ ಕನಿಷ್ಠ 21 ಮತ್ತು 21, ಕೂಡಿದರೆ 42. ಆದ್ದರಿಂದ ಎರಡೂ ಬಲ್ಲವರು ಕನಿಷ್ಠ ಇಬ್ಬರಿದ್ದಾರೆ. "ಕೆಲವರು" ಮತ್ತು "ಕೆಲವರು" ಕೂಡಿದರೆ ಏನನ್ನೂ ಹೇಳಲಾಗದು.

ಗದ್ಯದಿಂದ ಏನನ್ನು ನಿರ್ಣಯಿಸಬಹುದು ಎಂಬ ಪ್ರಶ್ನೆಯಲ್ಲಿ ಮೆದು ಮಾತಿನ ಆಯ್ಕೆಗೆ ಮೊದಲ ಒಲವಿರಲಿ. "ಎಲ್ಲ", "ಎಂದಿಗೂ", "ಮಾತ್ರ", "ಅತ್ಯಂತ" ಇರುವ ಆಯ್ಕೆ ಸಾಬೀತಾಗಲು ಗದ್ಯದಲ್ಲೂ ಅಷ್ಟೇ ಗಟ್ಟಿ ಮಾತು ಇರಬೇಕು. ಗದ್ಯದಲ್ಲಿ ನಿಜವಾಗಿಯೂ ಅಂಥ ಮಾತಿದ್ದರೆ ಗಟ್ಟಿ ಆಯ್ಕೆಯೇ ಸರಿ, ಕುರುಡಾಗಿ ತಳ್ಳಬೇಡಿ. ರಕ್ತಸಂಬಂಧ, ಆಸನ ವ್ಯವಸ್ಥೆಯಂಥ ಒಗಟುಗಳಿಗೂ ವಾರಕ್ಕೆ ಒಂದು ಗಂಟೆ ಮೀಸಲಿಡಿ. ಅವು ಒಂದು ಚಿತ್ರ ಬಿಡಿಸಿದರೆ ಐದು ಪ್ರಶ್ನೆ ಒಟ್ಟಿಗೆ ಕೊಡುತ್ತವೆ, ಚಿತ್ರ ತಪ್ಪಿದರೆ ಐದನ್ನೂ ಒಟ್ಟಿಗೆ ಕಸಿಯುತ್ತವೆ.

ಉಳಿದ ಎರಡು ವಿಭಾಗ

ಪ್ರಚಲಿತ ವಿದ್ಯಮಾನದ ಉತ್ತರಗಳು ಹೆಚ್ಚಾಗಿ ಗದ್ಯದೊಳಗೆ ಇರುವುದಿಲ್ಲ. ಪ್ರಶ್ನೆಗೆ ನೇರವಾಗಿ ಹೋಗಿ, ಬೇಕಾದರೆ ಮಾತ್ರ ಗದ್ಯ ನೋಡಿ. ಇಡೀ ವಿಭಾಗ 12ರಿಂದ 14 ನಿಮಿಷದಲ್ಲಿ ಮುಗಿಯುತ್ತದೆ. ಟಿಪ್ಪಣಿ ಮಾಡುವಾಗ ಘಟನೆಗೊಂದು ಅರ್ಧ ಪುಟ ಇಡಿ: ಏನಾಯಿತು, ಯಾವ ಸಂಸ್ಥೆ, ಹಿಂದಿನ ಇತಿಹಾಸ, ಸಂಬಂಧಿಸಿದ ಕಾಯ್ದೆ ಅಥವಾ ಒಪ್ಪಂದ. ಬರೀ ಸುದ್ದಿ ಬರೆದುಕೊಂಡವರಿಗೆ ಹಿನ್ನೆಲೆಯ ಪ್ರಶ್ನೆಗಳು ಕೈಕೊಡುತ್ತವೆ. ಪರೀಕ್ಷೆ ಡಿಸೆಂಬರಿನಲ್ಲಿ ನಡೆಯುವುದರಿಂದ ಹಿಂದಿನ ಒಂದು ವರ್ಷದ ಸುದ್ದಿ ಕೈಯಲ್ಲಿರಲಿ.

ಗಣಿತ ಹತ್ತನೇ ತರಗತಿಯ ಮಟ್ಟದ್ದು: ಶೇಕಡಾವಾರು, ಅನುಪಾತ, ಸರಾಸರಿ, ಲಾಭ-ನಷ್ಟ. ಅಂಕಿ ಗದ್ಯದಲ್ಲಿ ಹುದುಗಿರುವುದರಿಂದ ಮೊದಲು ಅದನ್ನು ಸಣ್ಣ ಕೋಷ್ಟಕವಾಗಿ ಬರೆದುಕೊಳ್ಳಿ. ಕಲಾ ವಿಭಾಗದವರು ಈ ವಿಭಾಗವನ್ನೇ ಬಿಡುವುದುಂಟು; ಅದು ಪತ್ರಿಕೆಯ ಹತ್ತನೇ ಒಂದು ಭಾಗವನ್ನು ಬಿಟ್ಟುಕೊಟ್ಟಂತೆ. ಶೇ 20 ಏರಿ ಮತ್ತೆ ಶೇ 20 ಇಳಿದರೆ ಒಟ್ಟು ಶೇ 4 ನಷ್ಟ ಎಂಬುದು ಥಟ್ಟನೆ ಹೊಳೆಯುವಷ್ಟು ಅಭ್ಯಾಸವಾದರೂ ಬೇಕು.

ಮಾಕ್ ಬರೆದ ಮೇಲಿನ ಕೆಲಸ

ಎರಡು ಗಂಟೆಯ ಮಾಕ್‌ಗೆ ಕನಿಷ್ಠ ಮೂರು ಗಂಟೆಯ ವಿಮರ್ಶೆ ಬೇಕು. ವಾರಕ್ಕೆ ನಾಲ್ಕು ಮಾಕ್ ಬರೆದು ಅಂಕ ನೋಡಿ ಮುಚ್ಚಿಡುವವರು ತಮ್ಮ ತಪ್ಪುಗಳನ್ನೇ ರೂಢಿ ಮಾಡಿಕೊಳ್ಳುತ್ತಿರುತ್ತಾರೆ.

ಕ್ರಮ ಹೀಗಿರಲಿ. ಬರೆಯುವಾಗ ಸಂಶಯ ಬಂದ ಪ್ರಶ್ನೆಗಳಿಗೆ ಸುತ್ತು ಹಾಕಿ. ಮುಗಿದ ಮೇಲೆ ಉತ್ತರಸೂಚಿ ತೆರೆಯಬೇಡಿ. ಅರ್ಧ ಗಂಟೆ ಬಿಡುವು ಕೊಟ್ಟು, ಸುತ್ತು ಹಾಕಿದವನ್ನೂ ಬಿಟ್ಟವನ್ನೂ ಗಡಿಯಾರವಿಲ್ಲದೆ ಮತ್ತೆ ಬಿಡಿಸಿ, ಪ್ರತಿ ಆಯ್ಕೆ ಏಕೆ ಸರಿ ಅಥವಾ ತಪ್ಪು ಎಂದು ಒಂದು ಸಾಲು ಬರೆಯಿರಿ. ಈಗ ಸೂಚಿ ನೋಡಿ. ಮೊದಲ ಸಲ ತಪ್ಪಿ ಎರಡನೆಯ ಸಲ ಸರಿಯಾಗಿದ್ದರೆ ತೊಂದರೆ ಸಮಯದ್ದು ಅಥವಾ ಗಮನದ್ದು. ಎರಡು ಸಲವೂ ತಪ್ಪಿದ್ದರೆ ತರ್ಕವೇ ಗೊತ್ತಿಲ್ಲ. ಅಲ್ಲಿ ಪಾಠಕ್ಕೆ ಹಿಂದಿರುಗಬೇಕು. ಮೊದಲು ಸರಿಯಿದ್ದು ಆಮೇಲೆ ತಪ್ಪಿದ್ದರೆ ಆ ಅಂಕ ಅದೃಷ್ಟದ್ದು, ಅದನ್ನು ಲೆಕ್ಕದಿಂದ ತೆಗೆದುಬಿಡಿ. ಈ ಮೂರು ಗುಂಪಿಗೆ ಬೇಕಾದ ಚಿಕಿತ್ಸೆ ಬೇರೆ ಬೇರೆ. ಒಟ್ಟು ಅಂಕ ಇದ್ಯಾವುದನ್ನೂ ತೋರಿಸುವುದಿಲ್ಲ.

ತಪ್ಪುಗಳ ಪುಸ್ತಕದಲ್ಲಿ ಪ್ರಶ್ನೆಯ ಬದಲು ಕಾರಣ ಬರೆಯಿರಿ: "ನಾಟ್ ಎಂಬುದನ್ನು ಗಮನಿಸಲಿಲ್ಲ", "ಅಪವಾದದ ಎರಡನೇ ಅಂಶ ಬಿಟ್ಟೆ", "ಎದುರಾಳಿಯ ವಾದವನ್ನು ಲೇಖಕರದೆಂದುಕೊಂಡೆ". ಐದಾರು ಮಾಕ್ ಆದ ಮೇಲೆ ಎರಡೋ ಮೂರೋ ಕಾರಣಗಳು ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ಮುಂದಿನ ಎರಡು ವಾರದ ಅಭ್ಯಾಸ ಅವುಗಳ ಮೇಲೆ ಮಾತ್ರ ಇರಲಿ.

ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ 2020 ಮತ್ತು ನಂತರದವು ಚಿನ್ನ. ಅವನ್ನು ಕೊನೆಯ ಎರಡು ತಿಂಗಳಿಗೆ ಉಳಿಸಿಕೊಳ್ಳಿ. 2019ರವರೆಗಿನ ಪತ್ರಿಕೆಗಳು 200 ಪ್ರಶ್ನೆಗಳ ಬೇರೆಯೇ ಮಾದರಿಯವು, ಅವುಗಳ ನೇರ ಪ್ರಶ್ನೆಗಳ ಮೇಲೆ ಸಮಯ ಹಾಕಬೇಡಿ. ವಾದ ಬಿಡಿಸುವ ಹೆಚ್ಚಿನ ಅಭ್ಯಾಸಕ್ಕೆ ಅಮೆರಿಕದ ಕಾನೂನು ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನ ತಾರ್ಕಿಕ ಪ್ರಶ್ನೆಗಳು ಉತ್ತಮ. ಅವು ಚಿಕ್ಕ ಗದ್ಯದ, ಕಠಿಣ ಪ್ರಶ್ನೆಗಳು. ದಿನಕ್ಕೆ ಐದು ಸಾಕು.

ಹತ್ತು ತಿಂಗಳ ಹಂಚಿಕೆ

ಫೆಬ್ರುವರಿಯಲ್ಲಿ ಶುರು ಮಾಡಿದರೆ ಮೊದಲ ಎರಡು ತಿಂಗಳು ತರ್ಕದ ಪ್ರಶ್ನೆಗಳನ್ನು ಗಡಿಯಾರವಿಲ್ಲದೆ ಬಿಡಿಸಿ. ವೇಗವನ್ನು ಮೊದಲೇ ಬೆನ್ನಟ್ಟಿದವರ ತಪ್ಪುಗಳು ಗಟ್ಟಿಯಾಗಿಬಿಡುತ್ತವೆ, ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಏಪ್ರಿಲ್‌ನಿಂದ ಜುಲೈವರೆಗೆ ಒಂದೊಂದೇ ಗದ್ಯಭಾಗವನ್ನು ಸಮಯ ಹಾಕಿ ಬಿಡಿಸಿ: ಮೊದಲು 9 ನಿಮಿಷ, ಆಮೇಲೆ 8, ಕೊನೆಗೆ ಆರೂವರೆ. ತಿಂಗಳಿಗೆ ಎರಡು ಪೂರ್ಣ ಮಾಕ್ ಸಾಕು. ಆಗಸ್ಟ್, ಸೆಪ್ಟೆಂಬರಿನಲ್ಲಿ ವಾರಕ್ಕೊಂದು, ಅಕ್ಟೋಬರ್‌ನಿಂದ ವಾರಕ್ಕೆ ಎರಡು. ಪಿಯುಸಿ ಓದು ಜೊತೆಗಿರುವವರು ಇದಕ್ಕಿಂತ ಹೆಚ್ಚು ಮಾಕ್ ಹಾಕಿಕೊಂಡರೆ ಮೊದಲು ಬಲಿಯಾಗುವುದು ವಿಮರ್ಶೆಯೇ. ಕೊನೆಯ ವಾರದಲ್ಲಿ ಹೊಸ ಮಾಕ್ ಬೇಡ. ತಪ್ಪುಗಳ ಪುಸ್ತಕ ಮತ್ತು ಪ್ರಚಲಿತ ಟಿಪ್ಪಣಿ ಸಾಕು.

ಪರೀಕ್ಷೆ ಮಧ್ಯಾಹ್ನ 2ರಿಂದ 4ರವರೆಗೆ ನಡೆಯುತ್ತದೆ. ಊಟದ ನಂತರದ ಮಂಪರು ಆ ಹೊತ್ತಿನಲ್ಲಿ ಕಾಡುತ್ತದೆ. ಅಕ್ಟೋಬರ್‌ನಿಂದ ಪ್ರತಿ ಮಾಕ್ ಅನ್ನೂ ಅದೇ ಹೊತ್ತಿಗೆ, ಕಾಗದದ ಮೇಲೆ, ಓಎಂಆರ್ ಹಾಳೆಯೊಂದಿಗೆ (ಉತ್ತರದ ವೃತ್ತ ತುಂಬುವ ಹಾಳೆ) ಬರೆಯಿರಿ. ಬೆಳಗ್ಗೆ ಮೊಬೈಲ್ ಪರದೆಯಲ್ಲಿ ಬರೆದ ಅಂಕ ನಿಮ್ಮ ನಿಜವಾದ ಅಂಕ ಆಗಿರಲಾರದು.

ಆ ಎರಡು ಗಂಟೆ

ಆರಂಭಕ್ಕೆ ಈ ಹಂಚಿಕೆ ಇಟ್ಟುಕೊಂಡು ಮಾಕ್‌ಗಳಲ್ಲಿ ನಿಮಗೆ ತಕ್ಕಂತೆ ತಿದ್ದಿಕೊಳ್ಳಿ: ಪ್ರಚಲಿತ 13 ನಿಮಿಷ, ಕಾನೂನು 35, ತರ್ಕ 28, ಇಂಗ್ಲಿಷ್ 22, ಗಣಿತ 14, ಉಳಿದ 8 ನಿಮಿಷ ಸುತ್ತು ಹಾಕಿದವಕ್ಕೆ. ಪ್ರಚಲಿತದಿಂದ ಶುರು ಮಾಡಿದರೆ ಬೇಗ 30 ಪ್ರಶ್ನೆ ಮುಗಿದ ಧೈರ್ಯ ಬರುತ್ತದೆ. ಕಾನೂನು ತರ್ಕವನ್ನು ತಲೆ ಹಗುರವಾಗಿರುವ ಮೊದಲ ಒಂದು ಗಂಟೆಯೊಳಗೇ ಮುಗಿಸಿ. ಒಂದು ಗದ್ಯ ಎರಡು ಸಲ ಓದಿದರೂ ಹತ್ತದಿದ್ದರೆ ಅದರ ಐದೂ ಪ್ರಶ್ನೆಗಳನ್ನು ಬಿಟ್ಟು ಮುಂದಿನ ಗದ್ಯಕ್ಕೆ ಹೋಗಿ. ಒಂದು ಕಠಿಣ ಗದ್ಯಕ್ಕೆ 12 ನಿಮಿಷ ಕೊಟ್ಟವರು ಕೊನೆಗೆ ಸುಲಭದ ಎರಡು ಗದ್ಯಗಳನ್ನು ಮುಟ್ಟದೆ ಎದ್ದು ಬರುತ್ತಾರೆ.

ಓಎಂಆರ್ ಹಾಳೆಯನ್ನು ಕೊನೆಗೆ ಒಟ್ಟಿಗೆ ತುಂಬುವುದು ಬೇಡ. 120 ವೃತ್ತಗಳಿಗೆ ತಲಾ 4 ಸೆಕೆಂಡ್ ಎಂದರೂ 8 ನಿಮಿಷ, ಅದೂ ಕೈ ನಡುಗುವ ಹೊತ್ತಿನಲ್ಲಿ. ಪ್ರತಿ ಪ್ರಶ್ನೆಗೂ ಹಾಳೆಯ ಕಡೆ ತಿರುಗಿದರೆ ಓದಿನ ಎಳೆ ತುಂಡಾಗುತ್ತದೆ. ಒಂದು ಗದ್ಯ ಮುಗಿಯುತ್ತಲೇ ಅದರ ಐದಾರು ಉತ್ತರಗಳನ್ನು ಒಟ್ಟಿಗೆ ತುಂಬುವುದು ನಡುದಾರಿ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಸಂಖ್ಯೆ ಜಾರುವ ಅಪಾಯ ಹೆಚ್ಚು, ಹಾಗಾಗಿ ಪ್ರತಿ ಗದ್ಯದ ಮೊದಲ ಪ್ರಶ್ನೆಯ ಸಂಖ್ಯೆಯನ್ನು ಹಾಳೆಯಲ್ಲಿ ಬೆರಳಿಟ್ಟು ಹೊಂದಿಸಿಕೊಳ್ಳಿ. ಪೆನ್ನಿನಿಂದ ತುಂಬಿದ ವೃತ್ತವನ್ನು ಬದಲಿಸಲಾಗದು. ಸಂಶಯದ ಪ್ರಶ್ನೆಗಳನ್ನು ಪುಸ್ತಿಕೆಯಲ್ಲಿ ಮಾತ್ರ ಗುರುತಿಸಿಟ್ಟು, ಕೊನೆಯ 8 ನಿಮಿಷದಲ್ಲಿ ಅವುಗಳಿಗೆ ಮರಳಿದಾಗ ಗದ್ಯದಲ್ಲಿ ನಿರ್ದಿಷ್ಟ ಸಾಲು ಸಿಕ್ಕರೆ ಆ ಪ್ರಕಾರ, ಸಿಗದಿದ್ದರೆ ಮೊದಲು ಹೊಳೆದ ಆಯ್ಕೆಯನ್ನೇ ತುಂಬಿ.